ಕೂರಿಗಿ ನಮ್ಮದು, ಆಯ ಬಡಿಗೇರನದು

ಸಾಫ್ಟ್‌ವೇರ್ ಬರೆಯುವವರಿಗೂ ತಮ್ಮ ಕೆಲಸಕ್ಕೆ ಬೇರೆ ಸಾಫ್ಟ್‌ವೇರ್ ಬೇಕಾಗುತ್ತವೆ. ಅವನ್ನು ಒಂದೇ ಸಲ ರೊಕ್ಕ ಕೊಟ್ಟು ಕೊಳ್ಳಬೇಕೋ, ತಿಂಗಳಿಗೆ ಇಷ್ಟು ಅಂತ ಕಟ್ಟುತ್ತ ಹೋಗಬೇಕೋ? ಇದು ಬೆಂಗಳೂರಿನವರು ಚಿಂತಿಸಬೇಕಾದ ಪ್ರಶ್ನೆ, ನಮಗೇನು ಸಂಬಂಧ ಅಂತ ನಿಮಗೆ ಅನಿಸಬಹುದು. ಆದರೆ ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಇದೇ ಮಾತು ನಡೆದಿದೆ. ನಮ್ಮ ಮನೆ ಇರುವುದು ಗದಗ ಜಿಲ್ಲೆಯ ಜಕ್ಕಲಿಯಲ್ಲಿ, ನರೇಗಲ್ಲಿನ ಹತ್ತಿರ. ಕರ್ನಾಟಕ ಏಕೀಕರಣಕ್ಕೆ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಅಂದರೆ ಹಿರಿಯರಿಗೆ ಬೇಗ ಗುರುತು ಹತ್ತುತ್ತದೆ.

ನನ್ನ ತಮ್ಮ ಗದಗಿನಲ್ಲಿ ಬಿಸಿಎ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಮೂರು ವರ್ಷ ದುಡಿದ. ಅಪ್ಪನ ಮೊಣಕಾಲು ನೋವು ಹೆಚ್ಚಾದ ಮೇಲೆ ಊರಿಗೆ ಬಂದ. ಬೆಳಿಗ್ಗೆ ಹೊಲ ನೋಡಿಕೊಳ್ಳುತ್ತಾನೆ. ಮಧ್ಯಾಹ್ನದಿಂದ ರಾತ್ರಿಯವರೆಗೆ ಪಡಸಾಲೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಡತಿ ಅಂಗಡಿ, ಗೊಬ್ಬರದ ಅಂಗಡಿ, ಕಿರಾಣಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಾನೆ. ರೋಣ, ನರೇಗಲ್ಲ, ಗಜೇಂದ್ರಗಡದ ಕಡೆ ಅವನಿಗೆ ಇಪ್ಪತ್ತೆರಡು ಅಂಗಡಿಗಳ ಗಿರಾಕಿ ಇದೆ.

ಕಂಪನಿಯಲ್ಲಿದ್ದಾಗ ಯಾವ ಸಾಫ್ಟ್‌ವೇರಿಗೆ ಎಷ್ಟು ರೊಕ್ಕ ಅಂತ ಅವನು ಕೇಳಿದವನೇ ಅಲ್ಲ. ಎಲ್ಲ ಕಂಪನಿಯೇ ಕಟ್ಟುತ್ತಿತ್ತು. ಊರಿಗೆ ಬಂದ ಮೇಲೆ ಒಂದೊಂದಾಗಿ ಅವನ ಕಾರ್ಡಿಗೆ ಬಿದ್ದವು. ಕೋಡ್ ಬರೆಯುವುದಕ್ಕೆ ಒಂದು, ಡೇಟಾಬೇಸ್ ತೆರೆದು ನೋಡುವುದಕ್ಕೆ ಒಂದು, ಪರದೆಯ ಮೇಲೆ ಬಟನ್, ಪಟ್ಟಿ ಎಲ್ಲಿ ಬರಬೇಕು ಅಂತ ಚಿತ್ರ ಬರೆಯುವುದಕ್ಕೆ ಇನ್ನೊಂದು, ಸರ್ವರ್ ಬಾಡಿಗೆ, ಈಗ ಹೊಸದಾಗಿ ಕೋಡ್ ಬರೆಯಲು ನೆರವಾಗುವ ಎಐ. ಬಿಡಿಬಿಡಿಯಾಗಿ ನೋಡಿದರೆ ಮುನ್ನೂರು, ಐನೂರು, ಎಂಟುನೂರು. ಕೂಡಿಸಿದರೆ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ. ವರ್ಷಕ್ಕೆ ನಲವತ್ತೆಂಟು ಸಾವಿರ. ನಮ್ಮ ಎರೆ ಹೊಲದ ಕಡಲೆ ಬೀಜ, ಗೊಬ್ಬರ, ಎಣ್ಣೆ, ಆಳಿನ ಖರ್ಚು ಒಂದು ಹಂಗಾಮಿಗೆ ಇಷ್ಟು ಬರುವುದಿಲ್ಲ.

ಈ ಲೆಕ್ಕ ಕೇಳಿದ ಅಪ್ಪ ದುಬಾರಿ ಅಂತಲೂ ಅನ್ನಲಿಲ್ಲ, ಅಗ್ಗ ಅಂತಲೂ ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಕಟ್ಟೂದು ಬಿಟ್ಟ ದಿನ ನಿನ್ನ ಕೈಯಾಗ ಏನ್ ಉಳಿತೈತಿ ತಮ್ಮಾ?"

ಈ ಬರಹ ಆ ಪ್ರಶ್ನೆಯ ಸುತ್ತಲೇ ಇದೆ.

ಖರೀದಿಯೋ, ಲಾವಣಿಯೋ

ನಮ್ಮ ಕಡೆ ಹೊಲಕ್ಕೆ ಎರಡು ದಾರಿ. ಖರೀದಿ ಮಾಡಿದರೆ ಉತಾರದಲ್ಲಿ ನಿಮ್ಮ ಹೆಸರು ಬರುತ್ತದೆ. ಲಾವಣಿ ಹಾಕಿಕೊಂಡರೆ ವರ್ಷಕ್ಕೆ ಇಷ್ಟು ಅಂತ ಕೊಟ್ಟು ಉಳುತ್ತೀರಿ, ಬಿಟ್ಟ ದಿನ ಬದುವಿನ ಆಚೆ ನಿಲ್ಲುತ್ತೀರಿ. ಸಾಫ್ಟ್‌ವೇರಿನಲ್ಲೂ ಹೀಗೇ ಎರಡು ದಾರಿ ಅಂತ ಮೇಲ್ನೋಟಕ್ಕೆ ಕಾಣುತ್ತದೆ.

ಆದರೆ ಪೂರ್ತಿ ಹಾಗಲ್ಲ. ಒಂದೇ ಸಲ ರೊಕ್ಕ ಕೊಟ್ಟು ಕೊಂಡರೂ ಸಾಫ್ಟ್‌ವೇರಿನ "ಉತಾರ" ನಿಮ್ಮ ಹೆಸರಿಗೆ ಬರುವುದಿಲ್ಲ. ಪುಸ್ತಕ ಕೊಂಡ ಹಾಗೆ ಅದು. ಪ್ರತಿ ನಿಮ್ಮದು, ಬರೆದ ಹಕ್ಕು ಬರೆದವರದು. ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸಾಫ್ಟ್‌ವೇರ್ ಒಂದು ಸರಕು, ಅದಕ್ಕೆ ಮಾರಾಟ ತೆರಿಗೆ ಹಾಕಬಹುದು ಅಂತ ಹೇಳಿತು. 2021ರ ಮಾರ್ಚಿನಲ್ಲಿ ಇನ್ನೊಂದು ತೀರ್ಪು ಬಂತು. ಅದರಲ್ಲಿದ್ದ ಹಲವು ಮೇಲ್ಮನವಿಗಳು ಕರ್ನಾಟಕ ಹೈಕೋರ್ಟಿನಿಂದಲೇ ಹೋದವು. ವಿದೇಶದ ಸಾಫ್ಟ್‌ವೇರ್ ಕೊಂಡು ಬಳಸುವವರಿಗೆ ಸಿಗುವುದು ಬಳಸುವ ಅನುಮತಿ ಮಾತ್ರ, ಕೃತಿಸ್ವಾಮ್ಯ ಅವರ ಕೈಗೆ ಬರುವುದಿಲ್ಲ, ಆದ್ದರಿಂದ ಕೊಟ್ಟ ರೊಕ್ಕವನ್ನು ರಾಯಧನ ಅಂತ ಲೆಕ್ಕ ಹಿಡಿಯಲು ಬರುವುದಿಲ್ಲ ಅಂತ ಕೋರ್ಟು ಹೇಳಿತು. ಎರಡೂ ತೆರಿಗೆಯ ಜಗಳಗಳೇ. ಆದರೂ ನಮಗೆ ಅದರಿಂದ ತಿಳಿಯುವುದು ಇಷ್ಟು: ಕೊಳ್ಳುವುದು ಅಂದರೆ ಇಲ್ಲಿ ಒಂದು ಪ್ರತಿಯನ್ನು ಕೊಳ್ಳುವುದು.

ಹಾಗಾದರೆ ವ್ಯತ್ಯಾಸ ಏನು? ಕೊಂಡ ಪ್ರತಿಗೆ ಅವಧಿ ಇರುವುದಿಲ್ಲ. ಬಾಡಿಗೆಯ ಪ್ರತಿಗೆ ಮುಂದಿನ ಕಂತಿನ ತಾರೀಖೇ ಅವಧಿ.

ಡಬ್ಬಿಯಲ್ಲಿ ಬರುತ್ತಿದ್ದ ಕಾಲ

ಮೊದಲು ಡೆವಲಪರುಗಳ ಸಾಫ್ಟ್‌ವೇರ್ ಡಬ್ಬಿಯಲ್ಲಿ ಬರುತ್ತಿತ್ತು, ಒಳಗೆ ಫ್ಲಾಪಿ, ಒಂದು ದಪ್ಪ ಪುಸ್ತಕ. ಅಮೆರಿಕದ ಬೋರ್ಲ್ಯಾಂಡ್ ಕಂಪನಿ 1983ರಲ್ಲಿ ಟರ್ಬೊ ಪಾಸ್ಕಲ್ ಅನ್ನು 49.95 ಡಾಲರಿಗೆ ಮಾರಿತು. ಆಗ ಅಂಥ ಸಾಫ್ಟ್‌ವೇರಿಗೆ ನೂರಾರು ಡಾಲರ್ ಕೊಡಬೇಕಿತ್ತು. ಆ ಕಂಪನಿಯ ಕರಾರು ಬಲು ಸರಳ: ಇದನ್ನು ಪುಸ್ತಕದ ಹಾಗೆ ಬಳಸಿ. ಯಾರಿಗಾದರೂ ಕೊಡಿ, ಯಾವ ಕಂಪ್ಯೂಟರಿಗಾದರೂ ಹಾಕಿ, ಆದರೆ ಒಂದೇ ಹೊತ್ತಿಗೆ ಎರಡು ಕಡೆ ಬಳಸಬೇಡಿ. ಒಂದೇ ಪುಸ್ತಕವನ್ನು ಇಬ್ಬರು ಎರಡು ಊರಲ್ಲಿ ಕೂತು ಒಟ್ಟಿಗೆ ಓದಲು ಆಗುವುದಿಲ್ಲವಲ್ಲ, ಹಾಗೆ. ಅದೇ ಕಂಪನಿಯ ಟರ್ಬೊ ಸಿ ನೀಲಿ ಪರದೆಯ ಮುಂದೆ ಕೂತು ಕಲಿತವರು ನಮ್ಮ ಕಡೆಯ ಡಿಪ್ಲೊಮಾ, ಬಿಸಿಎ ಕಾಲೇಜುಗಳಲ್ಲಿ ಸಾವಿರಾರು ಮಂದಿ. ಕಂಪನಿ ಅದನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ನಮ್ಮ ಲ್ಯಾಬುಗಳಲ್ಲಿ ಅದು ಓಡುತ್ತಿತ್ತು.

ಇನ್ನೊಂದು ಉದಾಹರಣೆ ನಮ್ಮ ಗದಗಿನದೇ. ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರೆ. ಕಾಲೇಜಿನ ಪತ್ರಿಕೆ ಅಚ್ಚು ಹಾಕಿಸಲು ನಾನು ಅಲ್ಲಿಯ ಒಂದು ಡಿಟಿಪಿ ಅಂಗಡಿಗೆ ಓಡಾಡುತ್ತಿದ್ದೆ. ಲಗ್ನ ಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸೊಸೈಟಿಯ ವಾರ್ಷಿಕ ವರದಿ ಎಲ್ಲ ಅಲ್ಲಿ ಪೇಜ್‌ಮೇಕರ್ 7ರಲ್ಲಿ ತಯಾರಾಗುತ್ತಿದ್ದವು. ಆ ಆವೃತ್ತಿ ಬಂದದ್ದು 2001ರಲ್ಲಿ, ಅದರ ಮುಂದೆ ಅಡೋಬಿ ಕಂಪನಿ ಪೇಜ್‌ಮೇಕರಿನ ಹೊಸ ಆವೃತ್ತಿ ತರಲೇ ಇಲ್ಲ. ಆದರೂ ನುಡಿ ಅಕ್ಷರ ಹಾಕಿಕೊಂಡು ಆ ಹಳೆಯ ಕಂಪ್ಯೂಟರ್ ಹೊಟ್ಟೆ ತುಂಬಿಸುತ್ತಿತ್ತು. ಅಂಗಡಿಯ ಹಿರಿಯರು ಅದಕ್ಕೆ ಇಂಟರ್ನೆಟ್ಟನ್ನೇ ಕೊಟ್ಟಿರಲಿಲ್ಲ. "ಅದಕ್ಕ ನೆಟ್ ಹಚ್ಚಿದ್ರ ಏನರ ಒಂದು ಕೇಳತೈತಿ ನೋಡ್ ಯವ್ವಾ, ಹಂಗ ಇರ್ಲಿ ಬಿಡು" ಅನ್ನುತ್ತಿದ್ದರು.

ಒಮ್ಮೆ ಕೊಂಡದ್ದರ ಬಲ ಇದು. ಕಂಪನಿ ಮುಂದೆ ಹೋದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ. ಇದರ ದೌರ್ಬಲ್ಯವೂ ಅಲ್ಲೇ ಕಾಣುತ್ತಿತ್ತು. ಆ ಕಂಪ್ಯೂಟರ್ ಕೆಟ್ಟರೆ ಹೊಸ ವಿಂಡೋಸಿನಲ್ಲಿ ಅದು ಸರಿಯಾಗಿ ಓಡುತ್ತದೆ ಅನ್ನುವ ಭರವಸೆ ಇಲ್ಲ. ಪೇಜ್‌ಮೇಕರಿನಲ್ಲಿ ಯುನಿಕೋಡ್ ಕನ್ನಡ ಕೂರುವುದಿಲ್ಲ, ಆದ್ದರಿಂದ ಅಲ್ಲಿ ಅಚ್ಚಾದದ್ದನ್ನು ನಿಮ್ಮ ಫೋನಿಗೆ ಹಾಕಬೇಕಾದರೆ ಅಕ್ಷರ ಬದಲಿಸುವ ಇನ್ನೊಂದು ಕೆಲಸ.

ಕಂಪನಿಗಳು ಬಾಡಿಗೆಗೆ ಹೊರಳಿದ್ದು

2013ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ, ಇನ್ನು ಮುಂದೆ ಫೋಟೊಶಾಪ್, ಇನ್‌ಡಿಸೈನ್ ಮುಂತಾದವುಗಳ ಹೊಸ ಆವೃತ್ತಿ ಚಂದಾ ಕಟ್ಟುವವರಿಗೆ ಮಾತ್ರ ಅಂತ ಸಾರಿತು. ಅದಕ್ಕೆ ಹಿಂದಿನ ವರ್ಷ ಬಂದ ಸಿಎಸ್6 ಒಮ್ಮೆ ಕೊಳ್ಳಬಹುದಾದ ಕೊನೆಯ ಆವೃತ್ತಿಯಾಯಿತು. ಒಬ್ಬರು ಮಾಡಿದ್ದನ್ನು ನೋಡಿ ಉಳಿದವರೂ ಅದೇ ದಾರಿ ಹಿಡಿದರು.

ಅವರ ಕಡೆಯ ಮಾತನ್ನೂ ಹೇಳಬೇಕು. ಒಮ್ಮೆ ಮಾರಿದರೆ ಎರಡು ಮೂರು ವರ್ಷ ಆ ಗಿರಾಕಿಯಿಂದ ಒಂದು ರೂಪಾಯಿ ಬರುವುದಿಲ್ಲ. ಆದರೆ ಸಂಬಳ ಪ್ರತಿ ತಿಂಗಳು ಕೊಡಬೇಕು. ಮತ್ತೆ ರೊಕ್ಕ ಬರಬೇಕಾದರೆ ಹೊಸ ಆವೃತ್ತಿ ತರಬೇಕು, ಅದರಲ್ಲಿ ಬೇಕೋ ಬೇಡವೋ ಹೊಸದೇನಾದರೂ ತುರುಕಬೇಕು. ತಿಂಗಳಿಗೆ ಬಂದರೆ ತಪ್ಪುಗಳನ್ನು ಆಗಿಂದಾಗ ತಿದ್ದಬಹುದು. ಕಳ್ಳ ಪ್ರತಿಗಳೂ ಕಡಿಮೆಯಾಗುತ್ತವೆ. ಕೊಳ್ಳುವವರಿಗೂ ಒಂದು ಅನುಕೂಲ ಇದೆ. ಐವತ್ತು ಸಾವಿರ ಒಮ್ಮೆಗೇ ಕೊಡಲಾರದವನು ಸಾವಿರ ಕೊಟ್ಟು ಇವತ್ತೇ ಕೆಲಸ ಶುರು ಮಾಡಬಹುದು. ಊರಿಗೆ ಬಂದ ಮೊದಲ ತಿಂಗಳು ನನ್ನ ತಮ್ಮ ಹಾಗೇ ಶುರು ಮಾಡಿದ. ಬಂಡವಾಳ ಇಲ್ಲದವನಿಗೆ ಲಾವಣಿ ಹೊಲವೇ ದಾರಿ, ಅದನ್ನು ಅಪ್ಪನೂ ಒಪ್ಪುತ್ತಾರೆ.

ಡೆವಲಪರುಗಳ ಲೋಕದಲ್ಲಿ ದೊಡ್ಡ ಗದ್ದಲ ಆದದ್ದು 2015ರ ಸೆಪ್ಟೆಂಬರಿನಲ್ಲಿ. ಜೆಟ್‌ಬ್ರೇನ್ಸ್ ಅನ್ನುವ ಯುರೋಪಿನ ಕಂಪನಿ ಕೋಡ್ ಬರೆಯುವ ಸಾಫ್ಟ್‌ವೇರುಗಳನ್ನು ಮಾಡುತ್ತದೆ. ನಿಮ್ಮ ಫೋನಿನಲ್ಲಿರುವ ಆ್ಯಪ್‌ಗಳನ್ನು ಬರೆಯಲು ಗೂಗಲ್ ಉಚಿತವಾಗಿ ಕೊಡುವ ಆಂಡ್ರಾಯ್ಡ್ ಸ್ಟುಡಿಯೊ ಕೂಡ ಈ ಕಂಪನಿಯ ಇಂಟೆಲಿಜೆ ಮೇಲೆಯೇ ಕಟ್ಟಿದ್ದು. ಅಲ್ಲಿಯವರೆಗೆ ಒಮ್ಮೆ ಕೊಂಡು ಬಳಸುವ ಕ್ರಮವಿತ್ತು. ಇನ್ನು ಚಂದಾ ಮಾತ್ರ, ಕಟ್ಟುವುದು ನಿಲ್ಲಿಸಿದರೆ ಸಾಫ್ಟ್‌ವೇರ್ ನಿಲ್ಲುತ್ತದೆ ಅಂತ ಕಂಪನಿ ಹೇಳಿದ್ದೇ ತಡ, ಜಗತ್ತಿನ ಮೂಲೆಮೂಲೆಯ ಡೆವಲಪರುಗಳು ಎದುರು ನಿಂತರು. ರೊಕ್ಕದ ಮೊತ್ತಕ್ಕಿಂತ ಹೆಚ್ಚಾಗಿ ಅವರ ಸಿಟ್ಟು ಒಂದೇ ವಿಷಯಕ್ಕೆ: ನಾಳೆ ಕಟ್ಟಲಾಗದಿದ್ದರೆ ನಮ್ಮ ಕೈಯ ಉಪಕರಣ ಕಸಿದುಕೊಳ್ಳುತ್ತೀರಾ? ನಮ್ಮ ಅಪ್ಪ ಕೇಳಿದ್ದೂ ಅದನ್ನೇ.

ಅದೇ ತಿಂಗಳಲ್ಲೇ ಕಂಪನಿ ತನ್ನ ಕರಾರು ಬದಲಿಸಿತು. ಹನ್ನೆರಡು ತಿಂಗಳು ಬಿಡದೆ ಕಟ್ಟಿದರೆ, ಅಥವಾ ವರ್ಷದ ರೊಕ್ಕ ಒಮ್ಮೆಗೇ ಕಟ್ಟಿದರೆ, ಆ ವರ್ಷದ ಆರಂಭದಲ್ಲಿ ಇದ್ದ ಆವೃತ್ತಿ ಸದಾಕಾಲ ನಿಮ್ಮದು. ಮುಂದೆ ಕಟ್ಟುವುದು ಬಿಟ್ಟರೆ ಹೊಸ ಆವೃತ್ತಿ ಸಿಗುವುದಿಲ್ಲ, ಹಳೆಯದು ಓಡುತ್ತಲೇ ಇರುತ್ತದೆ. ಇದು ಖರೀದಿಯೂ ಅಲ್ಲ, ಲಾವಣಿಯೂ ಅಲ್ಲ.

ಅಪ್ಪ ನೆನಪಿಸಿದ ಆಯ

ಈ ಮಧ್ಯದ ದಾರಿಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆ. ಅಪ್ಪನಿಗೆ ತಮ್ಮ ಅದನ್ನು ಬಿಡಿಸಿ ಹೇಳಿದಾಗ ಅವರು, "ಇದು ಆಯ ಅಲ್ಲೇನೋ?" ಅಂದರು.

ಆಯ ಗೊತ್ತಿಲ್ಲದ ಚಿಕ್ಕವರಿಗೆ ಒಂದು ಮಾತು. ನಮ್ಮ ಅಜ್ಜನ ಕಾಲದಲ್ಲಿ ಊರಿನ ಬಡಿಗೇರ, ಕಂಬಾರ ಮುಂತಾದ ಆಯಗಾರರಿಗೆ ರೈತರು ಕೆಲಸಕ್ಕೊಮ್ಮೆ ರೊಕ್ಕ ಎಣಿಸಿ ಕೊಡುತ್ತಿರಲಿಲ್ಲ. ಕೂರಿಗಿ, ಕುಂಟಿ, ರಂಟಿ ರೈತನದು. ವರ್ಷವಿಡೀ ಅದರ ರಿಪೇರಿ ಬಡಿಗೇರನದು. ಕುಳ ಹರಿತ ಮಾಡುವುದು ಕಂಬಾರನದು. ಸುಗ್ಗಿಯಲ್ಲಿ ಜೋಳದ ರಾಶಿಯಾದಾಗ ಕಣದಲ್ಲೇ ಅವರವರ ಪಾಲಿನ ಕಾಳು ಅಳೆದು ಕೊಡುವುದು. ಅದೇ ಆಯ.

ಅದರಲ್ಲಿ ಮೂರು ವಿಷಯ ಗಮನಿಸಿ ಅಂದರು ಅಪ್ಪ. ಒಂದು, ಕೂರಿಗಿ ನಮ್ಮ ಮನೆಯಲ್ಲೇ ಇರುತ್ತಿತ್ತು. ಎರಡು, ಆಯ ಕೊಡುವುದು ರಾಶಿ ಆದಾಗ, ತಿಂಗಳ ಒಂದನೇ ತಾರೀಖಿಗೆ ಅಲ್ಲ. ಮೂರು, ಮಳೆ ಹೋಗಿ ಒಂದು ವರ್ಷ ಆಯ ಕೊಡಲು ಆಗದಿದ್ದರೆ ಬಡಿಗೇರ ಮುಖ ಗಂಟು ಹಾಕಿಕೊಳ್ಳಬಹುದು, ಮುರಿದದ್ದನ್ನು ಜೋಡಿಸಲು ತಡ ಮಾಡಬಹುದು. "ಆದ್ರ ಬಿತ್ತೂ ಹೊತ್ತಿಗೆ ಬಂದು ಕೂರಿಗಿ ಹೊತಗೊಂಡು ಹೊಕ್ಕಿದ್ದಿಲ್ಲ."

ಆಯದ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಎಷ್ಟೋ ಕಡೆ ದುಡಿದವರಿಗೆ ಸಿಕ್ಕದ್ದು ಕಡಿಮೆಯೇ. ಅದು ಮತ್ತೆ ಬರಲಿ ಅಂತ ನಾನು ಹೇಳುತ್ತಿಲ್ಲ. ಉಪಕರಣ ಯಾರದು, ಸೇವೆ ಯಾರದು ಅನ್ನುವ ಗೆರೆ ಅಲ್ಲಿ ಸ್ಪಷ್ಟವಿತ್ತು ಅನ್ನುವುದಷ್ಟೇ ನನ್ನ ಮಾತು. ಇವತ್ತಿನ ತಿಂಗಳ ಚಂದಾದಲ್ಲಿ ಆ ಗೆರೆ ಅಳಿಸಿದೆ. ಸೇವೆಗೆ ಅಂತ ಕಟ್ಟಿಸಿಕೊಂಡು ಉಪಕರಣವನ್ನೂ ತಮ್ಮ ಬಳಿಯೇ ಇಟ್ಟುಕೊಳ್ಳುತ್ತಾರೆ.

ಬಿತ್ತುವ ಹೊತ್ತಿಗೆ ಕೂರಿಗಿ ಹೋದದ್ದು

ಇದು ಬರೀ ಮಾತಲ್ಲ ಅಂತ ನಮಗೆ ತಿಳಿದದ್ದು ಕಳೆದ ವರ್ಷ ಹೆಸರು ಸುಗ್ಗಿಯಲ್ಲಿ. ಹೆಸರು ಕೀಳುವ ಹೊತ್ತಿಗೆ ಮಳೆ ಹಿಡಿಯಿತು. ಕಾಳು ಕಪ್ಪಾಯಿತು, ಬೆಲೆ ಬಿತ್ತು. ರೈತರ ಕೈಯಲ್ಲಿ ರೊಕ್ಕ ಇಲ್ಲ ಅಂದರೆ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತದೆ, ಅಂಗಡಿಯವರು ತಮ್ಮನಿಗೆ ಕೊಡುವುದೂ ಮುಂದೆ ಹೋಗುತ್ತದೆ. ಅವನ ಖಾತೆ ಬರಿದಾಯಿತು. ಕಾರ್ಡಿನಿಂದ ಕಂತು ಹೋಗಲಿಲ್ಲ.

ಪರದೆಯ ಚಿತ್ರ ಬರೆಯುವ ಆ ಸಾಫ್ಟ್‌ವೇರಿನ ಕಂಪನಿ ಕೆಲವೇ ದಿನ ಕಾಯಿತು, ಆಮೇಲೆ ಬಾಗಿಲು ಹಾಕಿತು. ಅವನೇ ಬರೆದ ಚಿತ್ರಗಳು ಅವರ ಸರ್ವರಿನಲ್ಲಿ. ನೋಡಬಹುದು, ತಿದ್ದುವಂತಿಲ್ಲ, ಇಳಿಸಿಕೊಳ್ಳುವಂತಿಲ್ಲ. ಒಂದು ಅಡತಿ ಅಂಗಡಿಗೆ ವಾರದಲ್ಲಿ ಕೊಡಬೇಕಿದ್ದ ಕೆಲಸ ಅದರಲ್ಲೇ ಇತ್ತು. ಆ ಕೆಲಸ ಮುಗಿಸಿಕೊಟ್ಟರೆ ರೊಕ್ಕ ಬರುತ್ತದೆ, ರೊಕ್ಕ ಬಂದರೆ ಕಂತು ಕಟ್ಟಬಹುದು. ಆದರೆ ಕಂತು ಕಟ್ಟದೆ ಕೆಲಸ ಮುಗಿಯುವುದಿಲ್ಲ. ಕೊನೆಗೆ ಅವ್ವ ಸ್ವಸಹಾಯ ಸಂಘದಿಂದ ಸಾಲ ತಂದುಕೊಟ್ಟಳು. ಆ ವಾರ ತಮ್ಮ ಬೆಂಗಳೂರಿನ ಹಳೆಯ ಗೆಳೆಯರಿಗೆ ಫೋನ್ ಮಾಡಿ ಕೆಲಸ ಖಾಲಿ ಇದೆಯೇ ಅಂತ ಕೇಳಿದ್ದು ನನಗೆ ಗೊತ್ತು. ಅವನು ಹೋದರೆ ಹೊಲ ನೋಡುವವರು ಯಾರು ಅನ್ನುವ ಪ್ರಶ್ನೆ ಅಪ್ಪ ಬಾಯಿಬಿಟ್ಟು ಕೇಳಲಿಲ್ಲ.

ತಿಂಗಳ ಸಂಬಳ ಬರುವವರಿಗೆ ತಿಂಗಳ ಚಂದಾ ಹೊಂದುತ್ತದೆ. ನಮ್ಮ ಕಡೆ ರೊಕ್ಕ ಬರುವುದು ವರ್ಷಕ್ಕೆ ಎರಡು ಸಲ: ಹೆಸರು, ಮೆಣಸಿನಕಾಯಿ, ಉಳ್ಳಾಗಡ್ಡಿ ಬಂದಾಗ ಒಮ್ಮೆ, ಕಡಲೆ, ಬಿಳಿಜೋಳ ಬಂದಾಗ ಇನ್ನೊಮ್ಮೆ. ಹೊಲದ ರೊಕ್ಕದ ಮೇಲೆ ನಿಂತ ಅಂಗಡಿ, ಆ ಅಂಗಡಿಯ ಮೇಲೆ ನಿಂತ ಡೆವಲಪರ್, ಎಲ್ಲರದೂ ಅದೇ ಹಂಗಾಮು.

ಮಾರುವವನ ಜಾಗದಲ್ಲಿ ನಿಂತಾಗ

ಹಾಗಂತ ಚಂದಾ ಅಂದರೆ ಮೋಸ ಅಂತ ತೀರ್ಮಾನ ಕೊಡಲು ಆಗುವುದಿಲ್ಲ. ನನ್ನ ತಮ್ಮ ಕೊಳ್ಳುವವನೂ ಹೌದು, ಮಾರುವವನೂ ಹೌದು. ಅವನು ಮೊದಲ ಅಂಗಡಿಗಳಿಗೆ ಎಂಟು ಸಾವಿರಕ್ಕೆ ಒಂದೇ ಸಲ ಮಾರಿದ್ದ. ಮೂರು ವರ್ಷದ ಮೇಲೂ ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತಿತ್ತು.

"ತಮ್ಮಾ, ಬಿಲ್ಲಿನ್ಯಾಗ ಟ್ಯಾಕ್ಸ್ ಹಳೇದ ಬರಾಕತ್ತೈತಿ, ಮುಂಜಾನಿ ಅಂಗಡಿ ತಗಿಯೂದ್ರಾಗ ಸರಿ ಮಾಡ್ಕೊಡು."

ಸಾವುಕಾರರ ಮಾತೂ ಸುಳ್ಳಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ದಿನ ವ್ಯಾಟ್ ಕಾಲದ ಲೆಕ್ಕದ ಸಾಫ್ಟ್‌ವೇರುಗಳೆಲ್ಲ ಒಂದೇ ರಾತ್ರಿಯಲ್ಲಿ ಹಳತಾದವು. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ದರಗಳು ಮತ್ತೆ ಬದಲಾದವು. ಕಾನೂನು ಬದಲಾಗುತ್ತ ಇರುವಾಗ ಲೆಕ್ಕದ ಸಾಫ್ಟ್‌ವೇರ್ ಒಮ್ಮೆ ಕೊಂಡು ಸುಮ್ಮನಿರುವ ವಸ್ತು ಅಲ್ಲ. ಅದನ್ನು ಬದಲಿಸುವವನ ದುಡಿಮೆಗೆ ಯಾರಾದರೂ ಕೊಡಲೇಬೇಕು.

ಇದಕ್ಕೆ ನಮ್ಮ ಕರ್ನಾಟಕದಲ್ಲೇ ದೊಡ್ಡ ಉದಾಹರಣೆ ಇದೆ, ಟ್ಯಾಲಿ. 1986ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ ಅದು. ವ್ಯಾಪಾರಿಯಾಗಿದ್ದ ತಂದೆ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಸರಿಹೊಂದುವ ಸಾಫ್ಟ್‌ವೇರ್ ಸಿಗದಿದ್ದಾಗ ಮಗ ಭರತ್ ಗೋಯೆಂಕಾ ತಾವೇ ಬರೆದರು. ಆ ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ಟ್ಯಾಲಿಯನ್ನು ಎರಡೂ ರೀತಿಯಲ್ಲಿ ಮಾರುತ್ತಾರೆ. ಒಬ್ಬರು ಬಳಸುವ ಪ್ರತಿಗೆ ಈಚಿನ ವರ್ಷಗಳ ದರ ಜಿಎಸ್‌ಟಿ ಬಿಟ್ಟು 22,500 ರೂಪಾಯಿ. ಮೊದಲ ವರ್ಷದ ಸೇವೆ ಅದರಲ್ಲೇ ಸೇರಿದೆ. ಆಮೇಲೆ ಬೇಕಾದರೆ ವರ್ಷಕ್ಕೆ 4,500 ಕಟ್ಟಿ ಸೇವೆ ಮುಂದುವರಿಸಬಹುದು. ಬಾಡಿಗೆಗೆ ತೆಗೆದುಕೊಂಡರೆ ತಿಂಗಳಿಗೆ 750.

ಲೆಕ್ಕ ಹಾಕಿ ನೋಡಿ. ಬಾಡಿಗೆ ವರ್ಷಕ್ಕೆ 9,000. ಎರಡೂವರೆ ವರ್ಷಕ್ಕೆ ಬಾಡಿಗೆಯ ಮೊತ್ತ 22,500 ಮುಟ್ಟುತ್ತದೆ. ಕೊಂಡವನು ಪ್ರತಿ ವರ್ಷ ಸೇವೆಯನ್ನೂ ಕಟ್ಟಿದರೆ ನಾಲ್ಕನೇ ವರ್ಷದ ಕೊನೆಗೆ ಇಬ್ಬರದೂ 36,000, ಸರಿಸಮ. ಐದನೇ ವರ್ಷದಿಂದ ಕೊಂಡವನಿಗೆ ಲಾಭ. ಅಂದರೆ ಅಂಗಡಿ ನಡೆಯುತ್ತದೋ ಇಲ್ಲವೋ ಅಂತ ಒಂದು ವರ್ಷ ನೋಡುವವನಿಗೆ ಬಾಡಿಗೆ ಒಳ್ಳೆಯದು. ಹತ್ತು ವರ್ಷ ಕೂರುವವನಿಗೆ ಖರೀದಿ ಒಳ್ಳೆಯದು. ದರ ಬದಲಾಗುತ್ತಿರುತ್ತದೆ, ಕೊಳ್ಳುವ ಮುಂಚೆ ಕೇಳಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಇದೇ.

ಇದರಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. ಕೊಂಡ ಪ್ರತಿಗೆ ಸೇವೆಯ ರೊಕ್ಕ ಕಟ್ಟದಿದ್ದರೂ ಅದು ಓಡುತ್ತಲೇ ಇರುತ್ತದೆ. ಹೊಸ ಆವೃತ್ತಿ, ನೆಟ್ ಮೂಲಕ ಸಿಗುವ ಸೌಲಭ್ಯಗಳು ಮಾತ್ರ ನಿಲ್ಲುತ್ತವೆ. ಕೂರಿಗಿ ಮನೆಯಲ್ಲೇ ಉಳಿಯಿತು.

ಕೊಂಡದ್ದೂ ಕೈಕೊಡುವುದುಂಟು

ಒಮ್ಮೆ ಕೊಂಡೆ ಅಂದ ಕೂಡಲೇ ನಿಶ್ಚಿಂತೆ ಅಂತಲ್ಲ. ಕೆಲವು ಸಾಫ್ಟ್‌ವೇರುಗಳು ಹೊಸ ಕಂಪ್ಯೂಟರಿಗೆ ಹಾಕುವಾಗ ಕಂಪನಿಯ ಸರ್ವರನ್ನು ಕೇಳಿ ಅನುಮತಿ ಪಡೆಯುತ್ತವೆ. ಆ ಸರ್ವರ್ ಮುಚ್ಚಿದರೆ? ಅಡೋಬಿಯ ಸಿಎಸ್2ಕ್ಕೆ ಹಾಗೇ ಆಯಿತು. ಅನುಮತಿ ಕೊಡುವ ಸರ್ವರ್ ನಿಂತದ್ದರಿಂದ 2013ರ ಆರಂಭದಲ್ಲಿ ಕಂಪನಿ ಹಳೆಯ ಗಿರಾಕಿಗಳಿಗಾಗಿ ಅನುಮತಿ ಬೇಡದ ಬೇರೆ ಪ್ರತಿಯನ್ನೇ ಇಳಿಸಿಕೊಳ್ಳಲು ಇಡಬೇಕಾಯಿತು. ಎಲ್ಲ ಕಂಪನಿಗಳೂ ಅಷ್ಟು ಮಾಡುತ್ತವೆ ಅಂತ ನಂಬಿ ಕೂರುವ ಹಾಗಿಲ್ಲ.

ಇನ್ನು ಕೆಲವನ್ನು ಕೊಳ್ಳಲು ಬರುವುದೇ ಇಲ್ಲ. ಸರ್ವರ್ ಅಂದರೆ ಬೇರೆಯವರ ಕಂಪ್ಯೂಟರು, ಅದರ ವಿದ್ಯುತ್ತಿಗೆ ಪ್ರತಿ ದಿನ ಖರ್ಚಿದೆ. ವೆಬ್‌ಸೈಟಿನ ಹೆಸರನ್ನು ವರ್ಷದ ಲೆಕ್ಕದಲ್ಲೇ ಕಟ್ಟಬೇಕು. ಆ್ಯಪ್ ಹಾಕುವ ಅಂಗಡಿಗಳನ್ನೇ ನೋಡಿ. ಗೂಗಲ್ ಪ್ಲೇನಲ್ಲಿ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್. ಆ್ಯಪಲ್‌ನಲ್ಲಿ ವರ್ಷಕ್ಕೆ 99 ಡಾಲರ್, ಕಟ್ಟುವುದು ಬಿಟ್ಟರೆ ನಿಮ್ಮ ಆ್ಯಪ್ ಅಂಗಡಿಯಿಂದ ಇಳಿಯುತ್ತದೆ. ನಮ್ಮ ತಾಲ್ಲೂಕಿನ ಗಿರಾಕಿಗಳ ಕೈಯಲ್ಲಿರುವುದೆಲ್ಲ ಆಂಡ್ರಾಯ್ಡ್ ಫೋನು, ಹಾಗಾಗಿ ತಮ್ಮನಿಗೆ ಅದೊಂದು ಚಿಂತೆ ತಪ್ಪಿತು.

ಮೂರನೆಯ ದಾರಿ ಉಚಿತ ಸಾಫ್ಟ್‌ವೇರು. 1991ರಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದರು. ಬರೆದ ಕೋಡಿನ ಪ್ರತಿಯೊಂದು ಬದಲಾವಣೆಯನ್ನು ನೆನಪಿಡುವ ಸಾಫ್ಟ್‌ವೇರ್ ಅದು, ಇವತ್ತು ದೊಡ್ಡ ದೊಡ್ಡ ಕಂಪನಿಗಳೂ ಅದನ್ನೇ ನೆಚ್ಚಿವೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಕೂಡ ಹಾಗೇ. ಮನೆಯ ಬೀಜ ಇಟ್ಟುಕೊಂಡು ಬಿತ್ತಿದ ಹಾಗೆ ಇವು. ಕಲಿಯುವ ಶ್ರಮ ನಿಮ್ಮದು, ಕೆಟ್ಟರೆ ತಿದ್ದಿಕೊಳ್ಳುವ ದಾರಿಯನ್ನೂ ನೀವೇ ಹುಡುಕಬೇಕು. ಆದರೆ ಯಾರೂ ಬಂದು ಕಿತ್ತುಕೊಳ್ಳುವುದಿಲ್ಲ.

ತಮ್ಮ ಮಾಡಿದ ವಿಲೇವಾರಿ

ಕಡಲೆ ಮಾರಿದ ಮೇಲೆ, ಮಾರ್ಚಿನಲ್ಲಿ, ತಮ್ಮ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದ. ಪ್ರತಿಯೊಂದರ ಮುಂದೆ ಅಪ್ಪನ ಪ್ರಶ್ನೆ.

ಕೋಡ್ ಬರೆಯುವುದಕ್ಕೆ ತಿಂಗಳ ಕಂತು ಬಿಟ್ಟು ವರ್ಷದ್ದು ಒಮ್ಮೆಗೇ ಕಟ್ಟಿದ. ಮುಂದಿನ ವರ್ಷ ಮಳೆ ಕೈಕೊಟ್ಟರೂ ಆ ಆವೃತ್ತಿ ಅವನ ಬಳಿ ಉಳಿಯುತ್ತದೆ. ಡೇಟಾಬೇಸ್ ನೋಡುವುದನ್ನು ಉಚಿತದಕ್ಕೆ ಬದಲಿಸಿದ. ಚಿತ್ರ ಬರೆಯುವುದಕ್ಕೆ ಒಂದೇ ಸಲ ಕೊಳ್ಳುವ ಬೇರೆ ಸಾಫ್ಟ್‌ವೇರ್ ತಂದ, ಅದರ ಫೈಲುಗಳು ಅವನ ಲ್ಯಾಪ್‌ಟಾಪಿನಲ್ಲೇ ಇರುತ್ತವೆ. ಹೊಸದು ಕಲಿಯಲು ಎರಡು ವಾರ ಹಿಡಿಯಿತು. ಸರ್ವರ್ ಬಾಡಿಗೆ ಹಾಗೇ ಇದೆ. ಎಐ ಮಾತ್ರ ಕೊಳ್ಳಲು ಬಾರದ ವಸ್ತು, ಅದನ್ನು ಕೆಲಸ ಹೆಚ್ಚಿದ್ದ ತಿಂಗಳು ಹಾಕಿಸಿಕೊಂಡು, ಇಲ್ಲದ ತಿಂಗಳು ಬಿಡುತ್ತಾನೆ. ಅದಿಲ್ಲದೆಯೂ ಕೋಡ್ ಬರೆಯುವ ರೂಢಿ ತಪ್ಪಬಾರದು ಅನ್ನುವುದು ಅವನ ಲೆಕ್ಕ. ತಿಂಗಳಿಗೆ ನಾಲ್ಕು ಸಾವಿರ ಇದ್ದದ್ದು ಈಗ ವರ್ಷದ ಸರಾಸರಿಯಲ್ಲಿ ಸಾವಿರದ ನಾಲ್ಕುನೂರಕ್ಕೆ ಬಂದಿದೆ.

ತಾನು ಮಾರುವುದಕ್ಕೂ ಅದೇ ಕರಾರು ಹಾಕಿದ. ಸಾಫ್ಟ್‌ವೇರಿಗೆ ಒಮ್ಮೆ ಎಂಟು ಸಾವಿರ. ಆಮೇಲೆ ವರ್ಷಕ್ಕೆ ಸಾವಿರದ ಐನೂರು, ಸುಗ್ಗಿ ಮುಗಿದ ಮೇಲೆ ಕೊಡಬೇಕು. ಕೊಡದಿದ್ದರೆ ಅಂಗಡಿಯ ಲೆಕ್ಕ ನಿಲ್ಲುವುದಿಲ್ಲ, ಎಲ್ಲ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಲೂ ಬರುತ್ತದೆ. ಹೊಸ ತೆರಿಗೆ ದರ, ಫೋನಿನ ಸಹಾಯ ಮಾತ್ರ ನಿಲ್ಲುತ್ತದೆ. ಹಳೆಯ ಸಾವುಕಾರರೊಬ್ಬರು, "ಒಮ್ಮೆ ಕೊಟ್ಟೀನಲ್ಲೋ" ಅಂತ ತಕರಾರು ತೆಗೆದರು.

"ಸಾವುಕಾರ್ರ, ಕೂರಿಗಿ ನಿಮ್ದ ಐತ್ರಿ. ನಾ ಕೇಳೂದು ಆಯ" ಅಂದ ತಮ್ಮ.

ಅವರು ನಕ್ಕು ಕೊಟ್ಟರು. ಇಪ್ಪತ್ತೆರಡರಲ್ಲಿ ಹದಿನೇಳು ಅಂಗಡಿಯವರು ಒಪ್ಪಿದ್ದಾರೆ. ವರ್ಷಕ್ಕೆ 25,500 ಆಯಿತು. ಅವನ ಉಪಕರಣಗಳ ಖರ್ಚು ಕಳೆದು ಒಂದಿಷ್ಟು ಉಳಿಯುತ್ತದೆ, ಹೊಸ ಗಿರಾಕಿ ಬಂದರೆ ಅದು ಮೇಲಿನದು. ದೊಡ್ಡ ಗಳಿಕೆಯಲ್ಲ. ಆದರೆ ಬೆಂಗಳೂರಿನ ಗೆಳೆಯರಿಗೆ ಮತ್ತೆ ಫೋನ್ ಮಾಡಿಲ್ಲ.

ನೀವು ಕಟ್ಟುವ ಮುಂಚೆ

ನೀವು ಡೆವಲಪರ್ ಆಗಿರಬೇಕಾಗಿಲ್ಲ. ಅಂಗಡಿಗೆ ಬಿಲ್ಲಿನ ಸಾಫ್ಟ್‌ವೇರ್, ಮಗಳ ಕಂಪ್ಯೂಟರ್ ಕೋರ್ಸಿಗೆ ಒಂದು ಸಾಫ್ಟ್‌ವೇರ್, ಯಾವುದೇ ಇರಲಿ, ರೊಕ್ಕ ಕಟ್ಟುವ ಮುಂಚೆ ಇಷ್ಟು ಕೇಳಿ.

ಕಟ್ಟುವುದು ನಿಲ್ಲಿಸಿದರೆ ಸಾಫ್ಟ್‌ವೇರ್ ಓಡುತ್ತದೋ, ಇಲ್ಲವೋ? ನನ್ನ ಲೆಕ್ಕ, ನನ್ನ ಫೈಲು ಬೇರೆ ಕಡೆ ತೆಗೆದುಕೊಂಡು ಹೋಗಲು ಬರುತ್ತದೋ? ನೆಟ್ ಇಲ್ಲದಾಗ ನಡೆಯುತ್ತದೋ? ವರ್ಷಕ್ಕೊಮ್ಮೆ, ನಮ್ಮ ಸುಗ್ಗಿಯ ಹೊತ್ತಿಗೆ ಕಟ್ಟಲು ಬರುತ್ತದೋ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರೆದ ಕರಾರಿನಲ್ಲಿ ತೋರಿಸಿ ಅನ್ನಿ.

ತಾನಾಗಿಯೇ ಕತ್ತರಿಸುವ ಕಂತುಗಳ ಮೇಲೂ ಕಣ್ಣಿರಲಿ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕಾರ್ಡಿನಿಂದ ಇಂಥ ಕಂತು ಕತ್ತರಿಸುವ 24 ಗಂಟೆ ಮುಂಚೆ ನಿಮಗೆ ಸಂದೇಶ ಬರಬೇಕು, ಬೇಡವಾದರೆ ನಿಲ್ಲಿಸುವ ಅವಕಾಶ ಇರಬೇಕು. ಯುಪಿಐ ಆಟೊಪೇ ಹಾಕಿದ್ದರೆ ನಿಮ್ಮ ಪಾವತಿ ಆ್ಯಪಿನಲ್ಲೇ ಆಟೊಪೇ ಪಟ್ಟಿ ಇರುತ್ತದೆ. ಇವತ್ತು ಸಂಜೆ ಒಮ್ಮೆ ತೆರೆದು ನೋಡಿ. ನಮ್ಮ ಅವ್ವನ ಫೋನಿನಲ್ಲಿ ಹಾಗೆ ನೋಡಿದಾಗ, ಯಾರೂ ನೋಡದ ಒಂದು ಸಿನಿಮಾ ಆ್ಯಪಿಗೆ ತಿಂಗಳಿಗೆ 149 ರೂಪಾಯಿ ಹೋಗುತ್ತಿತ್ತು. ಅವ್ವ ಅದನ್ನು ನಿಲ್ಲಿಸಿ, ಆ ರೊಕ್ಕವನ್ನು ಸಂಘದ ಉಳಿತಾಯಕ್ಕೆ ಸೇರಿಸಿದ್ದಾಳೆ.